ನಾಲ್ಕು ಜನರ ಪಿಜಿ ರೂಮು, ಕೈಯಲ್ಲಿ ಮೂರು ಸಾವಿರ: ಯಾವ ಇಯರ್‌ಫೋನ್ ತಗೊಳ್ಳಲಿ?

ಹಾವೇರಿ ಹುಡುಗಿ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ವಿಜಯನಗರದ ಒಂದು ಪಿಜಿಯಲ್ಲಿದ್ದೇನೆ. ಬಿ.ಎಸ್ಸಿ ಎರಡನೇ ವರ್ಷ. ರೂಮಿನಲ್ಲಿ ನಾಲ್ಕು ಜನ, ನನ್ನ ಮಂಚ ಬಾಗಿಲ ಪಕ್ಕ. ಬಾಗಿಲಾಚೆಯೇ ಅಡುಗೆಮನೆ. ಬೆಳಿಗ್ಗೆ ಐದೂವರೆಗೆ ಕುಕ್ಕರ್ ಕೂಗಲು ಶುರು, ರಾತ್ರಿ ಹನ್ನೊಂದರವರೆಗೂ ಪಾತ್ರೆ ಸದ್ದು. ಎದುರು ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ತಲೆ ಮೇಲಿನ ಫ್ಯಾನ್ ಹಳೆಯದು, ಇಡೀ ದಿನ ಗರಗರ ಅನ್ನುತ್ತದೆ.

ಹೋದ ವರ್ಷ 1,200 ರೂಪಾಯಿಗೆ ಒಂದು ಜೊತೆ ವೈರ್‌ಲೆಸ್ ಬಡ್ಸ್ ತಗೊಂಡಿದ್ದೆ. ಹದಿನಾಲ್ಕು ತಿಂಗಳಿಗೆ ಎಡಗಡೆಯದು ಚಾರ್ಜ್ ಹಿಡಿಯುವುದನ್ನೇ ಬಿಟ್ಟಿತು. ವಾರಂಟಿ ಮುಗಿದಿದೆ, ರಿಪೇರಿ ಆಗಲ್ಲ, ಹೊಸದು ತಗೊಳ್ಳಿ ಅಂದರು. ಬಲಗಡೆಯದನ್ನು ಮಾತ್ರ ಹಾಕಿಕೊಂಡು ಎರಡು ತಿಂಗಳು ಕಳೆದೆ.

ನನಗೆ ಬೇಕಾಗಿರುವುದು ಇಷ್ಟೇ. ಪಾಠದ ರೆಕಾರ್ಡಿಂಗ್ ಕೇಳಬೇಕು, ಅಮ್ಮನ ಜೊತೆ ಮಾತಾಡಬೇಕು, ಮಲಗುವ ಮುಂಚೆ ಅರ್ಧ ಗಂಟೆ ಹಾಡು ಕೇಳಬೇಕು. ಅಜ್ಜ ನನಗೆ ಮಲ್ಲಿಕಾರ್ಜುನ ಮನ್ಸೂರ ಮತ್ತು ಗಂಗೂಬಾಯಿ ಹಾನಗಲ್ ಅವರನ್ನು ಕೇಳಿಸಿ ಬೆಳೆಸಿದ್ದಾರೆ. ಊರಲ್ಲಿ ರೇಡಿಯೊದಲ್ಲಿ ಕೇಳುವಾಗ ತಂಬೂರಿ ಸ್ಪಷ್ಟವಾಗಿ ಕೇಳುತ್ತಿತ್ತು. ಇಲ್ಲಿ ಫ್ಯಾನ್ ಸದ್ದಿನಲ್ಲಿ ತಂಬೂರಿ ಮುಳುಗಿಹೋಗುತ್ತದೆ. ವಾಲ್ಯೂಮ್ ಏರಿಸಿದರೆ ಗಾಯಕರ ದನಿ ಕಿವಿಗೆ ಚುಚ್ಚುತ್ತದೆ.

ಟ್ಯೂಷನ್ ಹೇಳಿಕೊಟ್ಟು ಮೂರು ತಿಂಗಳಲ್ಲಿ ಕೂಡಿಸಿದ ದುಡ್ಡು 3,000 ರೂಪಾಯಿ ಇದೆ. ಫೋನಿನಲ್ಲಿ ಇಯರ್‌ಫೋನ್ ಚುಚ್ಚುವ ತೂತಿಲ್ಲ. ತಿಳಿದವರು ಹೇಳಿ.

ಬಿಟಿಎಂ ಬಡ್ಸ್ · ಸೋಮವಾರ ರಾತ್ರಿ

ಎರಡೂವರೆ ಸಾವಿರಕ್ಕೆ ನಾಯ್ಸ್ ಕ್ಯಾನ್ಸಲಿಂಗ್ ಇರುವ ವೈರ್‌ಲೆಸ್ ಬಡ್ಸ್ ಬೇಕಾದಷ್ಟು ಸಿಗುತ್ತವೆ. ಅದರಲ್ಲೇ ಒಂದು ತಗೊಳ್ಳಿ. ಫ್ಯಾನ್ ಸದ್ದು ಮಾಯವಾಗುತ್ತದೆ. ಬಟ್ಟೆ ಒಗೆಯುವಾಗ, ಊಟದ ಕ್ಯೂನಲ್ಲಿ ನಿಂತಾಗ, ಬಸ್ಸಿನ ನೂಕುನುಗ್ಗಲಲ್ಲಿ ತಂತಿ ಇಲ್ಲದಿದ್ದರೆ ಎಷ್ಟು ಆರಾಮ ಅಂತ ನಿಮಗೇ ಗೊತ್ತಲ್ವಾ.

ತಂತಿಪ್ರಿಯ · ಮಂಗಳವಾರ ಬೆಳಿಗ್ಗೆ

ಮೊದಲು ಒಂದು ಮಾತು. ನಿಮ್ಮ ಸಮಸ್ಯೆ ಇರುವುದು ಇಯರ್‌ಫೋನಿನಲ್ಲಲ್ಲ, ರೂಮಿನಲ್ಲಿ. ಹೊರಗಿನ ಗದ್ದಲ ಒಳಗೆ ಬರದ ಹಾಗೆ ತಡೆದರೆ ಅರ್ಧ ಕೆಲಸ ಮುಗಿಯಿತು. ಅದನ್ನು ತಡೆಯದಿದ್ದರೆ ಹತ್ತು ಸಾವಿರದ್ದು ತಂದರೂ ತಂಬೂರಿ ಕೇಳಲ್ಲ. ಹಾಗಾಗಿ ಬಾಸ್ (ದಪ್ಪ ದನಿ) ಎಷ್ಟು, ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್) ಎಷ್ಟು ದೊಡ್ಡದು ಅಂತ ಡಬ್ಬಿ ಮೇಲೆ ಬರೆದದ್ದನ್ನು ಓದುವುದು ಆಮೇಲೆ ಇರಲಿ. ಇದು ನನ್ನ ಕಿವಿಯೊಳಗೆ ಬಿಗಿಯಾಗಿ ಕೂರುತ್ತದಾ ಅನ್ನುವುದೇ ಮೊದಲ ಪ್ರಶ್ನೆ.

ನಾಯ್ಸ್ ಕ್ಯಾನ್ಸಲಿಂಗ್ ಸುಳ್ಳಲ್ಲ. ಆದರೆ ಅದು ಕೆಲಸ ಮಾಡುವ ಬಗೆ ತಿಳಿದಿರಲಿ. ಹೊರಗಿನ ಸದ್ದನ್ನು ಒಂದು ಮೈಕ್ ಹಿಡಿಯುತ್ತದೆ. ಅದಕ್ಕೆ ಸರಿಯಾಗಿ ಉಲ್ಟಾ ಇರುವ ಅಲೆಯನ್ನು ಬಡ್ಸ್ ಒಳಗೆ ಹುಟ್ಟಿಸುತ್ತದೆ. ಎರಡೂ ಸೇರಿ ಒಂದನ್ನೊಂದು ಕೊಲ್ಲುತ್ತವೆ. ಫ್ಯಾನ್, ಬಸ್ ಇಂಜಿನ್, ಮೆಟ್ರೊ ಹಮ್ಮು ಇಂಥ ಒಂದೇ ಸಮನೆ ಬರುವ ದಪ್ಪ ಸದ್ದಿಗೆ ಇದು ಚೆನ್ನಾಗಿ ಆಗುತ್ತದೆ. ಕುಕ್ಕರ್ ಸೀಟಿ, ಪಾತ್ರೆ ಟಣ್ ಅನ್ನುವುದು, ಪಕ್ಕದ ಮಂಚದವರ ಮಾತು ಇವಕ್ಕೆ ಜಾಸ್ತಿ ಏನೂ ಆಗುವುದಿಲ್ಲ. ಆ ಸದ್ದುಗಳು ಚುರುಕು, ಕ್ಷಣಕ್ಷಣಕ್ಕೂ ಬದಲಾಗುತ್ತವೆ.

ಕಿವಿಯೊಳಗೆ ಆಳವಾಗಿ ಕೂರುವ ತಂತಿಯ ಇಯರ್‌ಫೋನ್ ಇದೆಯಲ್ಲ, ಈಗ ಎಲ್ಲರೂ ಐಇಎಂ ಅನ್ನುವುದು, ಅದು ಬರೀ ರಬ್ಬರ್ ಟಿಪ್ಪಿನಿಂದಲೇ ಬಾಗಿಲು ಮುಚ್ಚಿದ ಹಾಗೆ ತಡೆಯುತ್ತದೆ. ಸರಿಯಾಗಿ ಕೂತರೆ ಸೀಟಿಯಂಥ ಏರು ಸ್ವರದ ಸದ್ದುಗಳನ್ನು 20 ಡೆಸಿಬಲ್ (ಸದ್ದಿನ ಅಳತೆ) ಆಸುಪಾಸು ಕಡಿಮೆ ಮಾಡುತ್ತದೆ. ಬ್ಯಾಟರಿ ಬೇಡ, ಚಾರ್ಜ್ ಬೇಡ. ನಿಮ್ಮ ಬಡ್ಸ್ ಸತ್ತದ್ದು ಸಹಜವಾಗಿಯೇ. ಕಡಲೆಕಾಳಿನಷ್ಟು ಬ್ಯಾಟರಿಯನ್ನು ದಿನಾ ಖಾಲಿ ಮಾಡಿ ತುಂಬಿಸುತ್ತಿದ್ದರೆ ಅದು ಎರಡು ಮೂರು ವರ್ಷಕ್ಕಿಂತ ಹೆಚ್ಚು ಬಾಳುವುದು ಕಷ್ಟ. ಅಂಟು ಹಾಕಿ ಮುಚ್ಚಿರುತ್ತಾರೆ, ಬಿಚ್ಚಿ ಬದಲಿಸಲು ಬರುವುದಿಲ್ಲ.

ಬೆಲೆ ವಿಷಯದಲ್ಲಿ ಧೈರ್ಯವಾಗಿರಿ. ಜೆರೋನ್ ಬ್ರೀಬಾರ್ಟ್ ಎಂಬ ಸಂಶೋಧಕ 283 ಹೆಡ್‌ಫೋನ್‌ಗಳ ಅಳತೆಯನ್ನು ಅವುಗಳ ಬೆಲೆ ಜೊತೆ ಇಟ್ಟು ನೋಡಿ 2017ರಲ್ಲಿ ಪ್ರಕಟಿಸಿದರು. ದಪ್ಪ ಸ್ವರದಿಂದ ಏರು ಸ್ವರದವರೆಗೆ ಯಾವುದು ಎಷ್ಟು ಜೋರಾಗಿ ಬರುತ್ತದೆ ಅಂತ ತೋರಿಸುವ ಗೆರೆಗೂ ಅಂಗಡಿ ಬೆಲೆಗೂ ಸಂಬಂಧವೇ ಕಾಣಲಿಲ್ಲ. ಅದಕ್ಕೂ ಮುಂಚೆ ಆಡಿಯೊ ಸಾಮಾನು ಮಾಡುವ ಹರ್ಮನ್ ಕಂಪನಿಯಲ್ಲಿ ಶಾನ್ ಓಲಿವ್ ಮತ್ತು ಸಂಗಡಿಗರು ಸಾಕಷ್ಟು ಜನರಿಗೆ ಕೇಳಿಸಿ, ಹೆಚ್ಚಿನವರಿಗೆ ಯಾವ ಬಗೆಯ ದನಿ ಹಿಡಿಸುತ್ತದೆ ಅಂತ ಒಂದು ಗೆರೆ ಎಳೆದಿದ್ದರು. ಈಗ ಚೀನಾದ ಸಣ್ಣ ಕಂಪನಿಗಳು ಅದೇ ಗೆರೆಯ ಆಸುಪಾಸಿನಲ್ಲಿ ಎರಡು ಸಾವಿರದೊಳಗೇ ಇಯರ್‌ಫೋನ್ ಮಾಡುತ್ತಿವೆ. ಹತ್ತು ವರ್ಷದ ಹಿಂದೆ ನಾನು ಹಾಸ್ಟೆಲ್‌ನಲ್ಲಿದ್ದಾಗ ಈ ಬೆಲೆಗೆ ಇಂಥದ್ದು ಸಿಗುತ್ತಿರಲಿಲ್ಲ. ಇದು ವಿದ್ಯಾರ್ಥಿಗಳಿಗೆ ನಿಜಕ್ಕೂ ಒಳ್ಳೆಯ ಕಾಲ.

ಬಿಟಿಎಂ ಬಡ್ಸ್ · ಮಂಗಳವಾರ ಬೆಳಿಗ್ಗೆ

ಬ್ಯಾಟರಿ ಮಾತು ಒಪ್ಪಿದೆ. ಆದರೆ ತಂತಿಯೂ ಹೋಗುತ್ತದೆ. ಒಂದು ಸಲ ಮಂಚದ ಕಾಲಿಗೆ ಸಿಕ್ಕಿ ಎಳೆದರೆ ಒಂದು ಕಡೆ ಸದ್ದು ಬಂದ್. ನನ್ನ ಹತ್ತಿರ ಹಾಗೆ ಹೋದ ನಾಲ್ಕು ಜೊತೆ ಡ್ರಾಯರ್‌ನಲ್ಲಿವೆ.

ಸೋಲ್ಡರ್ ಕೈ · ಮಂಗಳವಾರ ಮಧ್ಯಾಹ್ನ

ಆ ನಾಲ್ಕನ್ನು ಬಿಸಾಡಬೇಡಿ. ಹೆಚ್ಚಿನವು ಹೋಗುವುದು ಜಾಕ್ (ಫೋನಿಗೆ ಚುಚ್ಚುವ ಲೋಹದ ತುದಿ) ಬುಡದಲ್ಲಿ. ಇಯರ್‌ಫೋನ್ ಒಳಗಿನ ಸ್ಪೀಕರ್ ಚೆನ್ನಾಗಿಯೇ ಇರುತ್ತದೆ.

ಹಳೆ ಜಾಕ್ ತೆಗೆದು ಹೊಸದನ್ನು ಬೆಸೆಯಬೇಕು, ಅಷ್ಟೇ. ಜಾಕ್ ಬುಡದಿಂದ ಒಂದು ಇಂಚು ಮೇಲೆ ಕತ್ತರಿಸಿ. ಹೊರಗಿನ ರಬ್ಬರ್ ಬಿಡಿಸಿದರೆ ಒಳಗೆ ಕೂದಲಿನಷ್ಟು ತೆಳುವಾದ ತಾಮ್ರದ ಎಳೆಗಳು ಕಾಣುತ್ತವೆ. ಸಾಮಾನ್ಯವಾಗಿ ಒಂದು ಗುಂಪು ಕೆಂಪು, ಒಂದು ಹಸಿರು ಅಥವಾ ನೀಲಿ, ಇನ್ನೊಂದು ಬರೀ ತಾಮ್ರದ ಬಣ್ಣ. ನಡುವೆ ಎಳೆದಾಟ ತಡೆಯಲು ದಾರ ಸೇರಿಸಿರುತ್ತಾರೆ. ಆ ಬಣ್ಣ ಬರೀ ಗುರುತಿಗೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ, ಅದು ಎನಾಮಲ್ ಲೇಪ. ಎಳೆಗೆ ಎಳೆ ತಾಗಿ ಶಾರ್ಟ್ ಆಗದ ಹಾಗೆ ಕಾಯುತ್ತದೆ. ಅದು ಹೋಗದೆ ಸೋಲ್ಡರ್ (ಬೆಸೆಯಲು ಕರಗಿಸುವ ಲೋಹ) ಹಿಡಿಯುವುದೇ ಇಲ್ಲ. ಮನೆಯಲ್ಲಿ ಮಾಡಿ ಸೋತವರು ಸೋಲುವುದು ಇಲ್ಲೇ.

ಕಾದ ಐರನ್ ತುದಿಯಲ್ಲಿ ಒಂದು ಹನಿ ಸೋಲ್ಡರ್ ನಿಲ್ಲಿಸಿಕೊಳ್ಳಿ. ಎಳೆಯ ತುದಿಯನ್ನು ಆ ಹನಿಯೊಳಗೆ ಎರಡು ಮೂರು ಸೆಕೆಂಡು ಅದ್ದಿ ಹಿಡಿಯಿರಿ. ಸಣ್ಣಗೆ ಹೊಗೆ ಏಳುತ್ತದೆ, ಕೆಂಪು ಬಣ್ಣ ಕಪ್ಪಾಗಿ ಸರಿಯುತ್ತದೆ, ಎಳೆ ಬೆಳ್ಳಗೆ ಹೊಳೆಯುತ್ತದೆ. ಹಾಗಾದರೆ ಆಯಿತು. ಕಿಟಕಿ ತೆರೆದಿಟ್ಟು ಮಾಡಿ, ಆ ಹೊಗೆ ಒಳ್ಳೆಯದಲ್ಲ. ಮೈಕ್ ಇಲ್ಲದ ಸಾಮಾನ್ಯ ಜಾಕ್ ಆದರೆ ತುದಿ ಎಡಗಡೆಗೆ, ನಡುವಿನ ಉಂಗುರ ಬಲಗಡೆಗೆ, ಕೊನೆಯ ಭಾಗ ಗ್ರೌಂಡಿಗೆ, ಅಂದರೆ ಬರೀ ತಾಮ್ರದ ಬಣ್ಣದ ಎಳೆಗೆ. ಕೆಂಪು ಎಳೆ ಬಲದ್ದು. ಸೋಲ್ಡರ್ ಮಾಡುವ ಮುಂಚೆಯೇ ಜಾಕಿನ ಮುಚ್ಚಳವನ್ನು ತಂತಿಗೆ ಪೋಣಿಸಿಕೊಳ್ಳುವುದು ಮರೆಯಬೇಡಿ. ಮರೆತರೆ ಎಲ್ಲ ಬಿಚ್ಚಿ ಮೊದಲಿಂದ ಮಾಡಬೇಕು.

ಹಾವೇರಿ ಅವರೇ, ಇಷ್ಟೆಲ್ಲ ಬೇಡ ಅನ್ನುವುದಾದರೆ ಕೇಬಲ್ ಬಿಚ್ಚಲು ಬರುವ ಇಯರ್‌ಫೋನನ್ನೇ ತಗೊಳ್ಳಿ. 0.78 ಎಂ.ಎಂ. ಎರಡು ಪಿನ್ನಿನದ್ದು ಹೆಚ್ಚು ಚಾಲ್ತಿಯಲ್ಲಿದೆ. ತಂತಿ ಹೋದರೆ ತಂತಿ ಮಾತ್ರ ಬದಲಿಸಿದರಾಯಿತು. ಕೆಲವು ಕಂಪನಿಗಳದ್ದು 0.75 ಎಂ.ಎಂ. ಇರುತ್ತದೆ, ಅದಕ್ಕೆ ಅಳತೆ ನೋಡಿಯೇ ಕೇಬಲ್ ಕೊಳ್ಳಬೇಕು. ಬಲವಂತವಾಗಿ ಚುಚ್ಚಿದರೆ ಸಾಕೆಟ್ ಸೀಳುತ್ತದೆ.

ಕಿವಿ ಕಾಳಜಿ · ಮಂಗಳವಾರ ಸಂಜೆ

ನಾನು ಆಡಿಯಾಲಜಿ, ಅಂದರೆ ಕಿವಿ ಕೇಳುವಿಕೆಯ ಶಾಸ್ತ್ರ, ಓದುತ್ತಿದ್ದೇನೆ. ವಾಲ್ಯೂಮ್ ಏರಿಸಿದರೆ ಕಿವಿಗೆ ಚುಚ್ಚುತ್ತದೆ ಅಂದಿರಲ್ಲ, ಆ ಮಾತಿಗೆ ಬರುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹಾಕಿಕೊಟ್ಟ ಮಿತಿ 80 ಡೆಸಿಬಲ್ ಸದ್ದಿನಲ್ಲಿ ವಾರಕ್ಕೆ 40 ಗಂಟೆ. ಸದ್ದು 3 ಡೆಸಿಬಲ್ ಏರಿದರೆ ಅದರ ಶಕ್ತಿ ಎರಡು ಪಟ್ಟಾಗುತ್ತದೆ, ಕೇಳಬಹುದಾದ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಹೀಗೆ ಇಳಿದು ಇಳಿದು 90 ಡೆಸಿಬಲ್‌ಗೆ ಬಂದಾಗ ವಾರಕ್ಕೆ ನಾಲ್ಕೇ ಗಂಟೆ. ದಿನಕ್ಕಲ್ಲ, ವಾರಕ್ಕೆ. ಗದ್ದಲದ ಬಸ್ಸಿನಲ್ಲಿ ಸಡಿಲವಾದ ಇಯರ್‌ಫೋನ್ ಹಾಕಿಕೊಂಡವರು ತಮಗೇ ತಿಳಿಯದೆ 90ರ ಹತ್ತಿರ ಹೋಗುತ್ತಾರೆ. ಇಂಜಿನ್ ಸದ್ದನ್ನು ಹಾಡು ಮೀರಬೇಕಲ್ಲ.

ಒಳಗಿವಿಯಲ್ಲಿ ಸದ್ದನ್ನು ನರಕ್ಕೆ ದಾಟಿಸುವ ಕೂದಲು ಕೋಶಗಳಿವೆ. ಒಮ್ಮೆ ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಮೇಲಿನ ಸ್ವರಗಳು. ಸ, ಶ, ಫ ಅಕ್ಷರಗಳು ಮಸುಕಾಗುತ್ತವೆ. ಜನ ಮಾತಾಡುವುದು ಕೇಳುತ್ತದೆ ಆದರೆ ಏನು ಅಂದರು ಅಂತ ತಿಳಿಯುವುದಿಲ್ಲ. ಇಪ್ಪತ್ತೆರಡು ವರ್ಷದ ಹುಡುಗರು ಈ ದೂರು ಹೇಳಿಕೊಂಡು ಬರುವುದನ್ನು ನೋಡಿ ನನಗೆ ತುಂಬ ಸಂಕಟವಾಗಿದೆ.

ಒಂದು ಉಪಾಯ ಹೇಳುತ್ತೇನೆ. ಎಲ್ಲರೂ ಮಲಗಿದ ಮೇಲೆ, ಫ್ಯಾನ್ ಒಂದು ನಿಮಿಷ ನಿಲ್ಲಿಸಿ, ಹಾಡು ಹಿತವಾಗಿ ಕೇಳುವಷ್ಟು ವಾಲ್ಯೂಮ್ ಇಡಿ. ಎಷ್ಟು ಗೆರೆ ಅಂತ ನೋಡಿಕೊಳ್ಳಿ. ಹಗಲಲ್ಲಿ ಅದಕ್ಕಿಂತ ಒಂದೆರಡು ಗೆರೆ ಮೇಲೆ ಹೋಗಬೇಡಿ. ಸಾಲದು ಅನ್ನಿಸಿದರೆ ಟಿಪ್ ಸರಿಪಡಿಸಿ, ವಾಲ್ಯೂಮ್ ಮುಟ್ಟಬೇಡಿ. ತೆಗೆದ ಮೇಲೆ ಕಿವಿಯಲ್ಲಿ ಕುಂಯ್ ಅನ್ನುತ್ತಿದ್ದರೆ ಅವತ್ತು ಜಾಸ್ತಿ ಆಯಿತು ಅಂತಲೇ ಅರ್ಥ. ಮತ್ತೆ ಟಿಪ್ಪನ್ನು ರೂಂಮೇಟ್‌ಗಳ ಜೊತೆ ಹಂಚಿಕೊಳ್ಳಬೇಡಿ.

ಹಳೇ ಹಾಸ್ಟೆಲ್ · ಮಂಗಳವಾರ ರಾತ್ರಿ

ಕಿವಿ ಮೇಲೆ ಕೂರುವ ದೊಡ್ಡ ಹೆಡ್‌ಫೋನ್ ಕೊಳ್ಳುವ ಆಸೆ ಇದ್ದರೆ ಹಿಂಭಾಗ ಮುಚ್ಚಿದ್ದೋ ತೆರೆದದ್ದೋ ನೋಡಿ. ಓಪನ್ ಬ್ಯಾಕ್ ಅನ್ನುವ ಜಾತಿಯದ್ದರಲ್ಲಿ ದನಿ ಹರಡಿಕೊಂಡು ಬಹಳ ಚೆಂದ ಕೇಳುತ್ತದೆ. 1984ರಿಂದ ಬರುತ್ತಿರುವ ಕಾಸ್ ಪೋರ್ಟಾ ಪ್ರೊ ಆ ಜಾತಿಯದ್ದೇ. ಆದರೆ ಒಳಗಿನದೆಲ್ಲ ಹೊರಗೂ ಕೇಳುತ್ತದೆ, ಹೊರಗಿನದೆಲ್ಲ ಒಳಗೂ ಬರುತ್ತದೆ. ನಾನು ಹಾಸ್ಟೆಲ್‌ನಲ್ಲಿ ಅಂಥದ್ದೊಂದನ್ನು ಹಾಕಿಕೊಂಡು ರಾತ್ರಿ ಒಂದಕ್ಕೆ ಹಾಡು ಕೇಳುತ್ತಿದ್ದೆ. ಪರೀಕ್ಷೆಯ ಹಿಂದಿನ ರಾತ್ರಿ ಪಕ್ಕದ ಮಂಚದ ಗೆಳೆಯ ಎದ್ದು ಕೂತು, ನಿನ್ನ ಹಾಡಿನ ಸಾಲೆಲ್ಲ ನನಗೆ ಬಾಯಿಪಾಠ ಆಗಿದೆ, ದಯವಿಟ್ಟು ನಿಲ್ಲಿಸು ಅಂದ. ಇಷ್ಟು ದಿನ ಅವನು ಸುಮ್ನೆ ಸಹಿಸಿಕೊಂಡಿದ್ದ ಅಂತ ಆಗ ತಿಳಿಯಿತು. ಈಗಲೂ ನೆನೆದರೆ ಬೇಜಾರಾಗುತ್ತದೆ. ಹಂಚಿಕೊಂಡ ರೂಮಿಗೆ ಓಪನ್ ಬ್ಯಾಕ್ ಬೇಡ.

ಇನ್ನೊಂದು ವಿಷಯ. ಎಫ್‌ಎಂ ರೇಡಿಯೊ ಇರುವ ಹೆಚ್ಚಿನ ಫೋನುಗಳಲ್ಲಿ ತಂತಿಯ ಇಯರ್‌ಫೋನೇ ಆಂಟೆನಾ. ಅದು ಚುಚ್ಚದೆ ರೇಡಿಯೊ ಶುರುವಾಗಲ್ಲ. ಬೆಂಗಳೂರಲ್ಲಿ 102.9ರಲ್ಲಿ ವಿವಿಧ ಭಾರತಿ, 101.3ರಲ್ಲಿ ರೇನ್‌ಬೋ. ಡೇಟಾ ಖರ್ಚಿಲ್ಲ. ಮನೆಯಲ್ಲಿ ಜಾಕ್ ಇರುವ ಹಳೆ ಫೋನ್ ಬಿದ್ದಿದ್ದರೆ ತಂದಿಟ್ಟುಕೊಳ್ಳಿ.

ಹಾವೇರಿ ಹುಡುಗಿ · ಬುಧವಾರ ಬೆಳಿಗ್ಗೆ

ಇಷ್ಟು ಪ್ರೀತಿಯಿಂದ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಕೂತು ಎರಡು ಸಲ ಓದಿದೆ. ತಂತಿಯದ್ದೇ ಅಂತ ಮನಸ್ಸು ಗಟ್ಟಿ ಮಾಡಿದ್ದೇನೆ. ಆದರೆ ಜಾಕ್ ಇಲ್ಲದ ಫೋನಿಗೆ ಹೇಗೆ? ಪಿಜಿ ಪಕ್ಕದ ಮೊಬೈಲ್ ಅಂಗಡಿಯಲ್ಲಿ 150 ರೂಪಾಯಿಗೆ ಒಂದು ಕನೆಕ್ಟರ್ ಕೊಟ್ಟರು. ಗೆಳತಿಯ ಫೋನಿನಲ್ಲಿ ಕೆಲಸ ಮಾಡಿತು, ನನ್ನದರಲ್ಲಿ ಇಲ್ಲ. ಇಬ್ಬರದ್ದೂ ಟೈಪ್ ಸಿ. ಮತ್ತೆ ಡಬ್ಬಿ ಮೇಲೆ 16 ಓಮ್, 32 ಓಮ್ ಅಂತ ಇರುತ್ತದೆ. ಹೆಚ್ಚಿದ್ದರೆ ಒಳ್ಳೆಯದಾ?

ತಂತಿಪ್ರಿಯ · ಬುಧವಾರ ಮಧ್ಯಾಹ್ನ

ಈ ಕನೆಕ್ಟರ್ ಗೊಂದಲದಲ್ಲಿ ಎಷ್ಟೋ ಜನ ದುಡ್ಡು ಕಳೆದುಕೊಂಡಿದ್ದಾರೆ. ಕೊಂಚ ವಿವರವಾಗಿ ಹೇಳುತ್ತೇನೆ.

ಫೋನಿನಲ್ಲಿರುವ ಹಾಡು ಅಂಕಿಗಳ ರೂಪದಲ್ಲಿರುತ್ತದೆ. ಅದನ್ನು ಕರೆಂಟಿನ ಅಲೆಯಾಗಿ ಮಾಡುವ ಚಿಪ್ಪಿಗೆ ಡ್ಯಾಕ್ ಅನ್ನುತ್ತಾರೆ. ಕೆಲವು ಫೋನುಗಳು ಒಳಗಿನ ಡ್ಯಾಕ್‌ನಿಂದಲೇ ಟೈಪ್ ಸಿ ತೂತಿಗೆ ಅಲೆಯನ್ನು ಕಳಿಸುತ್ತವೆ. ಅವಕ್ಕೆ ಬರೀ ತಂತಿ ಜೋಡಿಸಿದ ಅಗ್ಗದ ಕನೆಕ್ಟರ್ ಸಾಕು. ನಿಮ್ಮ ಗೆಳತಿಯ ಫೋನ್ ಆ ಬಗೆಯದು. ಉಳಿದ ಫೋನುಗಳು ಅಂಕಿಗಳನ್ನು ಮಾತ್ರ ಹೊರಗೆ ಬಿಡುತ್ತವೆ. ಅವಕ್ಕೆ ಕನೆಕ್ಟರ್ ಒಳಗೇ ಡ್ಯಾಕ್ ಇರಬೇಕು. ನೋಡಲು ಎರಡೂ ಒಂದೇ ಥರ. ಅಂಗಡಿಯಲ್ಲಿ ಡ್ಯಾಕ್ ಇರುವ ಡಾಂಗಲ್ (ಇಂಥ ಕನೆಕ್ಟರಿಗೆ ಹಾಗನ್ನುತ್ತಾರೆ) ಅಂತ ಕೇಳಿ, ನಿಮ್ಮ ಫೋನಿಗೆ ಚುಚ್ಚಿ ಹಾಡು ಹಾಕಿ ನೋಡಿಯೇ ದುಡ್ಡು ಕೊಡಿ. ಸಾವಿರದೊಳಗೆ ಒಳ್ಳೆಯವೇ ಸಿಗುತ್ತವೆ. ಆಪಲ್‌ನ ಪುಟ್ಟ ಅಡಾಪ್ಟರಿನ ದನಿ ಚೆನ್ನಾಗಿದೆ, ಆದರೆ ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಅದರ ಸದ್ದು ತಗ್ಗಿಯೇ ಬರುತ್ತದೆ. ಇನ್ನು ಕೆಲವು ಫೋನುಗಳ ಸೆಟ್ಟಿಂಗಿನಲ್ಲಿ, ಹೊರಗಿನ ಸಾಧನ ಜೋಡಿಸಲು, ಒಟಿಜಿ ಅಂತ ಒಂದು ಸ್ವಿಚ್ ಇರುತ್ತದೆ. ಅದು ಆನ್ ಇಲ್ಲದಿದ್ದರೆ ಒಳ್ಳೆಯ ಡಾಂಗಲ್ ಕೂಡ ಸತ್ತಂತೆ ಕಾಣುತ್ತದೆ. ಮೊದಲು ಅದನ್ನು ನೋಡಿ.

ಓಮ್ ಅಂದರೆ ಕರೆಂಟಿಗೆ ಇಯರ್‌ಫೋನ್ ಒಡ್ಡುವ ತಡೆ. ಹೆಚ್ಚಿದ್ದರೆ ಮೇಲು ಅಂತೇನಿಲ್ಲ. ಸೆನ್‌ಹೈಸರ್ ಎಚ್‌ಡಿ 600 ಎಂಬ ಹೆಸರಾಂತ ಹೆಡ್‌ಫೋನ್ 300 ಓಮ್. ಅದಕ್ಕೆ ಬೇರೆ ಆಂಪ್ಲಿಫೈಯರ್ ಇದ್ದರೇ ಚೆನ್ನ. ಫೋನಿಗೆ 16ರಿಂದ 32 ಓಮ್ ಸಾಕು.

ಮಾಡೆಲ್ ಹೇಳಿ ಅಂದರೆ ಮೂನ್‌ಡ್ರಾಪ್ ಚು 2 ಅಥವಾ ಸೆವೆನ್ ಹರ್ಟ್ಸ್ ಝೀರೊ 2. ಎರಡೂ ಎರಡು ಸಾವಿರದ ಆಸುಪಾಸು. ಎರಡರಲ್ಲೂ ಕೇಬಲ್ ಬಿಚ್ಚಲು ಬರುತ್ತದೆ. ಮೊದಲು ಬಂದ ಚುನಲ್ಲಿ ಬರುತ್ತಿರಲಿಲ್ಲ, ಅದಕ್ಕೇ 2 ಅಂತ ಇರುವುದನ್ನೇ ನೋಡಿ. ಹಿಂದೂಸ್ತಾನಿ ಗಾಯನಕ್ಕೆ ನನ್ನ ಓಟು ಚುಗೆ. ಕಂಠದ ದನಿ ಮುಂದೆ ಬಂದು ನಿಲ್ಲುತ್ತದೆ. ಅಮ್ಮನ ಜೊತೆ ಮಾತಾಡಬೇಕಲ್ಲ, ಮೈಕ್ ಇರುವ ಕೇಬಲ್ಲಿನದ್ದೇ ಕೇಳಿ.

ಮೈಕ್ ಅಂದ ಕೂಡಲೇ ನೆನಪಾಯಿತು. ಬ್ಲೂಟೂತ್ ಬಡ್ಸ್ ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಆನ್‌ಲೈನ್ ಕ್ಲಾಸಿಗೆ ಕೂತರೆ, ಮೈಕ್ ಆನ್ ಆದ ಕೂಡಲೇ ಮೇಷ್ಟ್ರ ದನಿ ಹಳೆ ಟೆಲಿಫೋನಿನಂತೆ ಆಗಿಬಿಡುತ್ತದೆ. ಅದು ಬಡ್ಸಿನ ದೋಷವಲ್ಲ. ಕೇಳುವುದು ಮಾತಾಡುವುದು ಎರಡೂ ಒಟ್ಟಿಗೆ ನಡೆಯಬೇಕಾದಾಗ ಮಾಮೂಲಿ ಬ್ಲೂಟೂತ್ ಬೇರೆ ದಾರಿಗೆ ಹೊರಳುತ್ತದೆ, ಆ ದಾರಿ ಕಿರಿದು. ತಂತಿಯಲ್ಲಿ ಈ ತೊಂದರೆಯೇ ಇಲ್ಲ.

ಎಸ್.ಪಿ. ರೋಡ್ ಅಲೆಮಾರಿ · ಬುಧವಾರ ಸಂಜೆ

ಡಾಂಗಲ್ಲಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋಗಿ. ವಿಜಯನಗರದಿಂದ ನೇರಳೆ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಿಸಿ, ಚಿಕ್ಕಪೇಟೆಯಲ್ಲಿ ಇಳಿದು ನಡೆಯಿರಿ. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ, ಶನಿವಾರ ಹೋಗಿ. ಮೊದಲ ಅಂಗಡಿಯಲ್ಲಿ ಹೇಳಿದ ಬೆಲೆಗೆ ಒಪ್ಪಬೇಡಿ, ಕನಿಷ್ಠ ಮೂರು ಕಡೆ ಕೇಳಿ. ಬಿಲ್ ಕೇಳಿ ತಗೊಳ್ಳಿ. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇನೆ ಅಂದರೆ ವಾರಂಟಿ ಇಲ್ಲ ಅಂತಲೇ ತಿಳಿಯಿರಿ.

ದೊಡ್ಡ ಕಂಪನಿ ಹೆಸರಿನ ಇಯರ್‌ಫೋನ್ 200 ರೂಪಾಯಿಗೆ ಫುಟ್‌ಪಾತ್ ಮೇಲೆ ಸಿಕ್ಕರೆ ಅದು ನಕಲಿ. ಡಬ್ಬಿ ಅಚ್ಚುಕಟ್ಟಾಗಿರುತ್ತದೆ, ಅಕ್ಷರಗಳನ್ನು ಹತ್ತಿರದಿಂದ ನೋಡಿದರೆ ಅಂಚು ಮಸುಕಾಗಿರುತ್ತದೆ.

ಹಾವೇರಿ ಹುಡುಗಿ · ಶನಿವಾರ ರಾತ್ರಿ

ಹೋಗಿ ಬಂದೆ. ಡಾಂಗಲ್ 650 ರೂಪಾಯಿಗೆ ಸಿಕ್ಕಿತು. ಮೊದಲ ಅಂಗಡಿಯಲ್ಲಿ 900 ಹೇಳಿದ್ದರು. ನನ್ನ ಫೋನಿಗೇ ಚುಚ್ಚಿ ನೋಡಿದೆ. ಒಟಿಜಿ ಸ್ವಿಚ್ ಆಫ್ ಇತ್ತು. ನೀವು ಹೇಳಿರದಿದ್ದರೆ ಒಳ್ಳೆಯ ಡಾಂಗಲ್ಲನ್ನೇ ಬಿಟ್ಟು ಬರುತ್ತಿದ್ದೆ. ಬುಧವಾರವೇ ಆರ್ಡರ್ ಮಾಡಿದ್ದ ಇಯರ್‌ಫೋನ್ ಕೂಡ ಸಂಜೆ ಬಂತು. ಮೈಕ್ ಇರುವ ಚು 2, 1,850 ರೂಪಾಯಿ.

ಆದರೆ ಮನಸ್ಸಿಗೆ ಸಮಾಧಾನ ಆಗಿಲ್ಲ. ದನಿ ತೆಳ್ಳಗಿದೆ. ತಬಲಾದಲ್ಲಿ ಎಡಗೈಯಿಂದ ನುಡಿಸುವ ಬಾಯಾದ ಸದ್ದೇ ಇಲ್ಲ. ಬಲಗಡೆ ಪರವಾಗಿಲ್ಲ, ಎಡಗಡೆ ಬಹಳ ಪೀಚು. ಫ್ಯಾನ್ ಸದ್ದೂ ಕೇಳುತ್ತಿದೆ. ವಾಪಸ್ ಕಳಿಸಬೇಕಾ? ಇಷ್ಟು ಓದಿ, ಯೋಚಿಸಿ ತಗೊಂಡು ಹೀಗಾಯಿತಲ್ಲ ಅಂತ ಅಳು ಬಂತು.

ತಂತಿಪ್ರಿಯ · ಶನಿವಾರ ರಾತ್ರಿ

ಈಗಲೇ ವಾಪಸ್ ಕಳಿಸಬೇಡಿ. ನೀವು ಬರೆದದ್ದನ್ನು ಓದಿದರೆ ಟಿಪ್ ಕಿವಿಯಲ್ಲಿ ಕೂತಿಲ್ಲ ಅನ್ನಿಸುತ್ತದೆ. ಸಣ್ಣ ಸಂದಿ ಉಳಿದರೂ ಮೊದಲು ಸೋರಿಹೋಗುವುದು ಕೆಳಗಿನ ಸ್ವರಗಳು. ಬಾಯಾ, ತಂಬೂರಿಯ ಖರ್ಜ (ದಪ್ಪ ದನಿಯ ಕೊನೆಯ ತಂತಿ) ಎಲ್ಲ ಅಲ್ಲೇ ಇರುವುದು.

ಈಗ ಇರುವುದು ಮಧ್ಯದ ಅಳತೆ. ಡಬ್ಬಿಯಲ್ಲಿ ಇನ್ನೆರಡು ಜೊತೆ ಇರುತ್ತವೆ. ಹಾಕುವಾಗ ಎಡಗಿವಿಗೆ ಬಲಗೈಯನ್ನು ತಲೆ ಮೇಲಿಂದ ತಂದು, ಕಿವಿಯ ಮೇಲ್ತುದಿ ಹಿಡಿದು, ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆಯಿರಿ. ಕಿವಿಯ ದಾರಿ ಸೊಟ್ಟಗಿದೆ, ಹೀಗೆ ಎಳೆದಾಗ ನೆಟ್ಟಗಾಗುತ್ತದೆ. ಆಗ ಇಯರ್‌ಫೋನನ್ನು ಸ್ವಲ್ಪ ತಿರುಗಿಸುತ್ತ ಒಳಗೆ ಕೂರಿಸಿ ಕಿವಿ ಬಿಡಿ. ನೋಯುವಷ್ಟು ಒತ್ತಬೇಡಿ. ತಂತಿ ಕಿವಿಯ ಮೇಲಿಂದ ಹಿಂದಕ್ಕೆ ಬರಲಿ.

ಈಗ ಹಾಡು ಹಾಕದೆ, ಬಾಯಿ ಮುಚ್ಚಿ ಹ್ಞೂಂ ಅಂತ ಎಳೆಯಿರಿ. ನಿಮ್ಮ ದನಿ ತಲೆಯೊಳಗೆ ಗುಡಾಣದಲ್ಲಿ ಮೊಳಗಿದ ಹಾಗೆ ಎರಡೂ ಕಡೆ ಒಂದೇ ಸಮ ಕೇಳಬೇಕು. ಒಂದು ಕಡೆ ಕಡಿಮೆ ಕೇಳಿದರೆ ಆ ಕಡೆ ಸಂದಿ ಇದೆ. ಎರಡು ಕಿವಿಗೆ ಎರಡು ಅಳತೆಯ ಟಿಪ್ ಬೇಕಾಗುವುದು ಮಾಮೂಲು. ನನಗೂ ಹಾಗೆಯೇ.

ಕಿವಿ ಕಾಳಜಿ · ಶನಿವಾರ ರಾತ್ರಿ

ಹ್ಞೂಂ ಪರೀಕ್ಷೆ ನಾವು ಕ್ಲಿನಿಕ್ಕಿನಲ್ಲೂ ಬಳಸುತ್ತೇವೆ. ಟಿಪ್ ಬದಲಿಸಿದ ಮೇಲೂ ಎಡಗಡೆ ಕಡಿಮೆ ಕೇಳಿದರೆ, ಎಡದ್ದನ್ನು ಬಲಗಿವಿಗೆ ಹಾಕಿ ನೋಡಿ. ಆಗ ಸರಿಯಾಗಿ ಕೇಳಿದರೆ ಇಯರ್‌ಫೋನ್ ಸರಿ ಇದೆ, ಎಡಗಿವಿಯಲ್ಲಿ ಗುಗ್ಗೆ ಇರಬಹುದು. ಬಡ್ಸ್ ಹಾಕಿ ಹಾಕಿ ಗುಗ್ಗೆ ಒಳಕ್ಕೆ ಒತ್ತಿಕೊಂಡಿರುವುದು ಬಹಳ ಸಾಮಾನ್ಯ. ಹತ್ತಿಕಡ್ಡಿ, ಪಿನ್ನು ಹಾಕಬೇಡಿ. ಡಾಕ್ಟರಿಗೆ ತೋರಿಸಿ.

ಹಾವೇರಿ ಹುಡುಗಿ · ಭಾನುವಾರ ಬೆಳಿಗ್ಗೆ

ಸಿಕ್ಕಿತು! ಎಡಗಿವಿಗೆ ದೊಡ್ಡ ಟಿಪ್, ಬಲಗಿವಿಗೆ ಮಧ್ಯದ್ದು. ಹ್ಞೂಂ ಅಂದಾಗ ಎರಡೂ ಕಡೆ ಮೊಳಗಿತು. ಆಮೇಲೆ ಮನ್ಸೂರರನ್ನು ಹಾಕಿದೆ. ಅವರು ಬಾಯಿ ತೆರೆಯುವ ಮುಂಚೆ ಕೆಲವು ಸೆಕೆಂಡು ಬರೀ ತಂಬೂರಿ ಇದೆ. ನಾಲ್ಕು ತಂತಿ ಒಂದೊಂದಾಗಿ ಕೇಳಿತು. ಕೊನೆಯ ಖರ್ಜದ ತಂತಿ ಮಿಡಿದ ಮೇಲೆ ಅದರ ಝೇಂಕಾರ ಸಣ್ಣಗಾಗುತ್ತ ಹೋಗುವುದನ್ನು ಈ ಊರಿಗೆ ಬಂದ ಮೇಲೆ ಮೊದಲ ಸಲ ಕೇಳಿದೆ. ಫ್ಯಾನ್ ತಿರುಗುತ್ತಿತ್ತು. ಅದರ ಸದ್ದು ದೂರದಲ್ಲೆಲ್ಲೋ ಇತ್ತು, ಅಷ್ಟೇ.

ಮೊದಲು ವಾಲ್ಯೂಮ್ ಹನ್ನೆರಡರ ಮೇಲೆ ಇಡುತ್ತಿದ್ದೆ. ಈಗ ಆರರಲ್ಲೇ ಹಿತವಾಗಿದೆ. ಕಿವಿ ಕಾಳಜಿ ಅವರೇ, ಆ ಗೆರೆಯನ್ನು ಬರೆದಿಟ್ಟುಕೊಂಡಿದ್ದೇನೆ. ಅಜ್ಜನಿಗೆ ಫೋನ್ ಮಾಡಿ ಹೇಳಿದೆ. ಮೈಕ್‌ನಲ್ಲಿ ನನ್ನ ದನಿ ಚೆನ್ನಾಗಿ ಬರುತ್ತಿದೆಯಂತೆ.

ಗಾಂಧಿನಗರ ಎಡಿಟಿಂಗ್ · ಭಾನುವಾರ ಮಧ್ಯಾಹ್ನ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಾನು ವಿಡಿಯೊ ಎಡಿಟಿಂಗ್ ಕಲಿಯುತ್ತಿದ್ದೇನೆ, ದಿನಕ್ಕೆ ಆರು ಗಂಟೆ ಕೂರಬೇಕು. ನನಗೂ ಇಂಥದ್ದೇ ಸಾಕಾ?

ಹಳೇ ಹಾಸ್ಟೆಲ್ · ಭಾನುವಾರ ಮಧ್ಯಾಹ್ನ

ಆರು ಗಂಟೆ ಕಿವಿಯೊಳಗೆ ರಬ್ಬರ್ ಇಟ್ಟುಕೊಳ್ಳುವುದು ಹಿಂಸೆ. ದುಡ್ಡು ಕೂಡಿಸಿ ಹಿಂಭಾಗ ಮುಚ್ಚಿದ ದೊಡ್ಡ ಹೆಡ್‌ಫೋನ್ ತಗೊಳ್ಳಿ. ಸೋನಿ ಎಂಡಿಆರ್ 7506 ಬಂದದ್ದು 1991ರಲ್ಲಿ, ಇವತ್ತಿಗೂ ಸ್ಟುಡಿಯೊಗಳಲ್ಲಿ ಅದೇ ಇದೆ. ಬಿಡಿಭಾಗ ಸಿಗುತ್ತದೆ. ಅಷ್ಟು ಆಗದಿದ್ದರೆ ಆಡಿಯೊ ಟೆಕ್ನಿಕಾ ಎಂ20ಎಕ್ಸ್. ಏಪ್ರಿಲ್ ಸೆಕೆಯಲ್ಲಿ ಕಿವಿ ಬೆವರುತ್ತದೆ, ಪ್ಯಾಡಿನ ರೆಕ್ಸಿನ್ ಒಂದೆರಡು ವರ್ಷಕ್ಕೆ ಸಿಪ್ಪೆ ಏಳುತ್ತದೆ. ದಿನಾ ಒಣಬಟ್ಟೆಯಲ್ಲಿ ಒರೆಸಿಡಿ.

ಬಿಟಿಎಂ ಬಡ್ಸ್ · ಭಾನುವಾರ ಸಂಜೆ

ಇದನ್ನೆಲ್ಲ ಓದಿ ನನ್ನ ಬಡ್ಸಿನ ಟಿಪ್ಪನ್ನೂ ಬದಲಿಸಿ ನೋಡಿದೆ. ಹ್ಞೂಂ ಅಂದರೆ ಬಲಗಡೆ ಮೊಳಗುತ್ತಿರಲಿಲ್ಲ. ಎರಡು ವರ್ಷ ಹಾಗೇ ಕೇಳಿದ್ದೇನೆ. ಬಸ್ಸಿಗೆ, ಬಟ್ಟೆ ಒಗೆಯಲು ಬಡ್ಸೇ ಇರಲಿ ಅಂತ ಈಗಲೂ ಹೇಳುತ್ತೇನೆ. ಆದರೆ ಓದಲು ಕೂತಾಗ ತಂತಿಯದ್ದು ಬೇಕು ಅನ್ನಿಸಿದೆ. ಸೋಲ್ಡರ್ ಕೈ ಅವರೇ, ಡ್ರಾಯರ್‌ನಲ್ಲಿರುವ ಆ ನಾಲ್ಕು ಜೊತೆ ಮಾಡಿಕೊಡುತ್ತೀರಾ?

ಸೋಲ್ಡರ್ ಕೈ · ಭಾನುವಾರ ರಾತ್ರಿ

ಮಾಡಿಕೊಡುವುದಕ್ಕಿಂತ ಕಲಿಸಿಕೊಡುತ್ತೇನೆ. ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಚಂದ್ರಾ ಲೇಔಟ್ ರೂಮಿನಲ್ಲಿ ಐರನ್ ಬಿಸಿ ಇರುತ್ತದೆ. ವಿಳಾಸ ಮೆಸೇಜ್ ಮಾಡುತ್ತೇನೆ. ಶನಿವಾರವೇ ಎಸ್.ಪಿ. ರೋಡಿನಲ್ಲಿ ನಾಲ್ಕು ಜಾಕ್ ತಂದಿಟ್ಟುಕೊಳ್ಳಿ. ಲೋಹದ ಮುಚ್ಚಳದ್ದು ತನ್ನಿ, ಪ್ಲಾಸ್ಟಿಕ್ ಮುಚ್ಚಳದ್ದು ಬಿಸಿಗೆ ಕರಗುತ್ತದೆ.

ಹಾವೇರಿ ಹುಡುಗಿ · ಭಾನುವಾರ ರಾತ್ರಿ

ನಾನೂ ರೂಂಮೇಟ್ ಜೊತೆ ಬರಲಾ? ಅವಳದ್ದೊಂದು ಬಲಗಡೆ ಸತ್ತಿದೆ. ಅವಳ ಅಕ್ಕ ಕೊಡಿಸಿದ್ದು, ಅದಕ್ಕೇ ಬಿಸಾಡಿಲ್ಲ.

ಸೋಲ್ಡರ್ ಕೈ · ಭಾನುವಾರ ರಾತ್ರಿ

ಬನ್ನಿ. ಅದರಲ್ಲಿ ಮೈಕ್ ಇದ್ದರೆ ನಾಲ್ಕು ಭಾಗದ ಜಾಕ್ ಬೇಕು, ಮೂರರದ್ದು ಆಗಲ್ಲ. ಈಗಿರುವ ಜಾಕಿನ ಮೇಲೆ ಎಷ್ಟು ಕಪ್ಪು ಉಂಗುರ ಇವೆ ನೋಡಿ. ಮೂರಿದ್ದರೆ ಮೈಕಿನದ್ದು.

ಹಾವೇರಿ ಹುಡುಗಿ · ಭಾನುವಾರ ರಾತ್ರಿ

ಟಾರ್ಚ್ ಹಾಕಿ ನೋಡಿದೆವು. ಮೂರಿದೆ.